ಮೇಜಿನ ನಡುವಿನ ರಾಶಿ

ಫೆಬ್ರವರಿ 9

ಪುಟ್ಟಿ,

ಕಾರ್ಖಾನೆಯ ಉಗ್ರಾಣದಲ್ಲಿ ಕೊಡೆಬಟ್ಟೆಯ ಸುರುಳಿಗಳ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಊಟದ ಬಿಡುವು. ಮನೆಯಲ್ಲಿ ಬರೆಯುವಂತಿಲ್ಲ, ಫೋನಿನಲ್ಲಿ ಹೇಳುವಂತೆಯೂ ಇಲ್ಲ. ಇರುವುದು ಎರಡು ಕೋಣೆ, ಹೇಳಬೇಕಾದದ್ದು ನಿನ್ನ ಚಿಕ್ಕಮ್ಮನ ವಿಷಯ, ಅವಳ ಕಿವಿ ಎಷ್ಟು ಚುರುಕೆಂದು ನಿನಗೇ ಗೊತ್ತು. ನೀನೂ ಉತ್ತರವನ್ನು ಮನೆಗೆ ಹಾಕಬೇಡ, ಕಾರ್ಖಾನೆಯ ವಿಳಾಸಕ್ಕೆ ಹಾಕು.

ನಿಮ್ಮ ಪದ್ಧತಿ ನಮ್ಮ ಬಾಗಿಲಿಗೂ ಬಂತಮ್ಮ. ಮ್ಯಾನೇಜರು ಒಂದು ದಿನ ಸುಮ್ಮನೆ ಹೋಗುತ್ತಿದ್ದವನು ನಿಂತು, "ನಿಮ್ಮ ಮಗಳು ಏನ್ ಮಾಡ್ತಿದ್ದಾಳೆ?" ಎಂದು ಕೇಳಿದ. ನನ್ನ ಬಾಯಿ ಸುಮ್ಮನಿರಬಾರದೆ? "ಊರೂರಿನ ಕಾರ್ಖಾನೆಗೆ ಹೋಗಿ ಕೆಲಸ ಹೇಗ್ ಮಾಡ್ಬೇಕು ಅಂತ ಹೇಳ್ಕೊಡ್ತಾಳೆ ಸಾರ್, ದೊಡ್ಡ ಕಂಪನಿ" ಎಂದು ಎದೆಯುಬ್ಬಿಸಿ ಹೇಳಿದೆ. ಕಂಪನಿಯ ಹೆಸರು ಕೇಳಿದ, ಅದನ್ನೂ ಹೇಳಿದೆ. ಈಗ ನೋಡು, ನಿಮ್ಮ ಕಡೆಯವನೇ ಒಬ್ಬ ಬಂದು ತಳವೂರಿದ್ದಾನೆ. ಮನುಷ್ಯ ಕೆಟ್ಟವನಲ್ಲ. ಬೆಳಿಗ್ಗೆ ನಗುತ್ತಾ ನಮಸ್ಕಾರ ಹೇಳುತ್ತಾನೆ, ಆಮೇಲೆ ಸ್ಟಾಪ್‌ವಾಚ್ ಹಿಡಿದು ನಮ್ಮ ಬೆನ್ನ ಹಿಂದೆ ನಿಲ್ಲುತ್ತಾನೆ. ಅವನಿಗೆ ನಮ್ಮ ಮೇಜಿನವರು ಟಿಕ್‌ಟಿಕ್ ಎಂದು ಹೆಸರಿಟ್ಟಿದ್ದಾರೆ. ಇಟ್ಟವಳು ಯಾರೆಂದು ಬೇರೆ ಹೇಳಬೇಕೆ? ರೇಡಿಯೋ. ಅವಳ ಬಾಯಿ ನೀನು ಚಿಕ್ಕವಳಿದ್ದಾಗ ಹೇಗಿತ್ತೋ ಹಾಗೇ ಇದೆ, ಒಂದು ಗಳಿಗೆ ನಿಲ್ಲುವುದಿಲ್ಲ.

ನಿಮ್ಮ ಪದ್ಧತಿಯ ಇಂಗ್ಲಿಷ್ ಹೆಸರು 'ಲೀನ್' ಅಂತಲ್ಲ, ಹಾಗೆಂದರೆ ಮೈಯಲ್ಲಿ ಕೊಬ್ಬಿಲ್ಲದ್ದು ಎಂದು ಅರ್ಥವಂತೆ. ಅವನು ಹಾಗೆ ಹೇಳಿದ್ದೇ ತಡ, ನಮ್ಮ ಉದ್ದಕ್ಕ ಎದ್ದು ನಿಂತು ಸೊಂಟದ ಮೇಲೆ ಕೈಯಿಟ್ಟು, "ನನ್ನ ಮೈ ನೋಡಿ ಸಾರ್, ಇನ್ನೆಲ್ಲಿಂದ ಕರಗಿಸ್ತೀರಿ?" ಎಂದಳು. ಬಿದಿರಿನ ಗಳದ ಹಾಗಿದ್ದಾಳೆ ಪಾಪ. ಅವನೂ ನಕ್ಕ, ನಾವೂ ನಕ್ಕೆವು.

ನಮ್ಮ ಮೇಜು ಹೇಗೆ ನಡೆಯುತ್ತದೆಂದು ನೀನು ನೋಡಿದ್ದೀಯ. ಉದ್ದಕ್ಕ, ರೇಡಿಯೋ, ಚಿಕ್ಕಮ್ಮ, ಮೂವರೂ ಕೊಡೆಯ ಬಟ್ಟೆಯನ್ನು ಕಡ್ಡಿಗಳ ತುದಿಗೆ ಹೊಲಿಯುತ್ತಾರೆ, ಹೊಲಿದದ್ದನ್ನು ಮೇಜಿನ ನಡುವೆ ಎಸೆಯುತ್ತಾರೆ. ಆ ರಾಶಿಯಿಂದ ಒಂದೊಂದೇ ಎತ್ತಿ ನಾನು ಬಿಡಿಸಿ, ನೋಡಿ, ಮಡಚಿ, ಪಟ್ಟಿ ಕಟ್ಟುತ್ತೇನೆ. ಯಾವ ಕೊಡೆ ಯಾರ ಕೈಯದು ಎಂದು ಯಾರೂ ಕೇಳುವುದಿಲ್ಲ. ಸಂಜೆಯ ಲೆಕ್ಕ ಮೇಜಿನದು, ಒಬ್ಬೊಬ್ಬರದಲ್ಲ.

ಇನ್ನು ನಿನ್ನಿಂದ ಮುಚ್ಚಿಟ್ಟ ಮಾತು. ಚಿಕ್ಕಮ್ಮನ ಕೈ ನಡುಗುತ್ತದೆ. ಶುರುವಾಗಿ ವರ್ಷದ ಮೇಲಾಯಿತು. ಸೂಜಿಗೆ ದಾರ ಪೋಣಿಸಲು ಆಗುವುದಿಲ್ಲ. ರೇಡಿಯೋ ಮಾತಾಡುತ್ತಾ ಮಾತಾಡುತ್ತಾ ಪೋಣಿಸಿ ಅವಳ ಕಡೆ ತಳ್ಳುತ್ತಾಳೆ, ಏನೂ ಆಗಿಲ್ಲ ಎನ್ನುವಂತೆ. ಅವಳು ಒಂದು ಕೊಡೆ ಮುಗಿಸುವಷ್ಟರಲ್ಲಿ ಉದ್ದಕ್ಕನದು ಮೂರು ಮುಗಿದಿರುತ್ತದೆ. ರಾಶಿಗೆ ಬಿದ್ದ ಮೇಲೆ ಎಲ್ಲ ಒಂದೇ. ಈ ವಿಷಯವನ್ನು ನಾವು ಯಾರೂ ಒಬ್ಬರಿಗೊಬ್ಬರು ಬಾಯಿಬಿಟ್ಟು ಆಡಿಲ್ಲ. ಆಡಿದರೆ ಅವಳು ಅಂದೇ ಎದ್ದು ಹೋಗುತ್ತಾಳೆ. ಮದುವೆ ಬೇಡ ಎಂದಳು, ಬೇರೆ ಕೆಲಸ ಬೇಡ ಎಂದಳು. ಈ ಲೋಕದಲ್ಲಿ ಅವಳಿಗಿರುವುದು ನಾನು, ನೀನು, ಆ ಮೇಜು.

ನಿನ್ನೆ ಟಿಕ್‌ಟಿಕ್ ಆ ರಾಶಿಯ ಕಡೆಗೇ ಬೆರಳು ತೋರಿಸಿ, "ಇದೇ ನೋಡಿ ವ್ಯರ್ಥ ಅನ್ನೋದು" ಎಂದ. ಮೇಜುಗಳನ್ನು ಸಾಲಾಗಿ ಹಾಕುತ್ತಾರಂತೆ. ಒಬ್ಬೊಬ್ಬರಿಗೆ ಒಂದೊಂದು ಕೆಲಸ. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಒಂದೇ ಒಂದು ಕೊಡೆ ಹೋಗಬೇಕು, ನಡುವೆ ಏನೂ ಸೇರಬಾರದು. ಹಾಗಾದರೆ ಅವಳ ಗತಿಯೇನು ಎಂದು ನೀನೇ ಯೋಚಿಸು. ಅವನಿಗೆ ಒಂದು ಮಾತು ಹೇಳು ಪುಟ್ಟಿ. ನಮ್ಮದೊಂದು ಮೇಜನ್ನು ಬಿಟ್ಟುಬಿಡಲಿ. ಬೇರೆ ಎಷ್ಟೊಂದು ಮೇಜುಗಳಿವೆ.

ನಿನ್ನ
ಅಮ್ಮ


ಫೆಬ್ರವರಿ 21

ಅಮ್ಮ,

ಹೋದ ಸಲ ನಾನು ಮನೆಗೆ ಬಂದಾಗ ಚಿಕ್ಕಮ್ಮ ಟೀ ಲೋಟವನ್ನು ನನ್ನ ಕೈಗೆ ಕೊಡಲಿಲ್ಲ, ಮೇಜಿನ ಮೇಲಿಟ್ಟು ನನ್ನ ಕಡೆ ಸರಿಸಿದಳು. ಏನೋ ಮುನಿಸಿರಬೇಕು ಎಂದುಕೊಂಡು ನಾನೂ ಬಿಗುವಾಗಿಯೇ ಇದ್ದೆ. ನಿನ್ನ ಕಾಗದ ಓದಿದ ಮೇಲೆ ಆ ಲೋಟವೇ ಕಣ್ಣ ಮುಂದೆ ಬರುತ್ತಿದೆ. ಡಾಕ್ಟರಿಗೆ ತೋರಿಸಿದಿರಾ? ಮೊದಲು ಅದನ್ನು ಬರೆ.

ಟಿಕ್‌ಟಿಕ್ (ಹೆಸರು ಚೆನ್ನಾಗಿದೆ, ಅವನಿಗೆ ಹೇಳುವುದಿಲ್ಲ) ನನ್ನ ಜೊತೆಗೇ ತರಬೇತಿ ಪಡೆದವನು. ಆದರೆ ನಮ್ಮ ಮನೆಯವರು ಕೆಲಸ ಮಾಡುವ ಕಡೆ ನಾವು ತಲೆ ಹಾಕುವಂತಿಲ್ಲ, ಅದು ಕಂಪನಿಯ ನಿಯಮ. ಅದಕ್ಕೇ ಅಲ್ಲಿಗೆ ನನ್ನನ್ನು ಕಳಿಸಲಿಲ್ಲ. ಒಂದು ಮೇಜನ್ನು ಬಿಟ್ಟುಬಿಡು ಎಂದು ನಾನು ಹೇಳಿದರೆ ಯಾಕೆ ಎಂದು ಅವನು ಕೇಳೇ ಕೇಳುತ್ತಾನೆ. ಏನೆನ್ನಲಿ?

ನೀನು ಹೆದರುವಂಥದ್ದು ಏನೂ ಇಲ್ಲ ಅಮ್ಮ. ನಾನು ಯಾವ ಕಾರ್ಖಾನೆಗೆ ಹೋದರೂ ಮೊದಲ ದಿನ ಹೇಳುವ ಮೊದಲ ಮಾತು ಇದು: ಈ ಪದ್ಧತಿಯಿಂದ ಯಾರ ಕೆಲಸವೂ ಹೋಗುವುದಿಲ್ಲ. ಮಾಲೀಕರಿಂದ ಆ ಮಾತು ಪಡೆದೇ ನಾವು ಒಳಗೆ ಕಾಲಿಡುವುದು. ನಾವು ಹುಡುಕುವುದು ತೊಂದರೆಯನ್ನು, ತಪ್ಪಿತಸ್ಥರನ್ನಲ್ಲ. ರಾಶಿ ಇದ್ದಲ್ಲಿ ತೊಂದರೆ ಅಡಗಿ ಕೂರುತ್ತದೆ. ರಾಶಿ ತೆಗೆದರೆ ಕಾಣುತ್ತದೆ, ಕಂಡರೆ ತಾನೆ ಸರಿಮಾಡಲು ಆಗುವುದು?

ಒಂದು ಕಡೆ ಬೆನ್ನುನೋವಿನ ಬಡಗಿಯೊಬ್ಬ ಇದ್ದ. ನಾಚಿಕೆಯಿಂದ ಯಾರಿಗೂ ಹೇಳಿರಲಿಲ್ಲ. ಬೆಳಗಿನ ಸಭೆಯಲ್ಲಿ ಹೇಗೋ ಬಾಯಿಬಿಟ್ಟ. ಅದೇ ವಾರ ಅವನ ಎತ್ತರಕ್ಕೆ ಹೊಂದುವ ಮೇಜು ಮಾಡಿಸಿಕೊಟ್ಟರು, ಈಗಲೂ ಅಲ್ಲೇ ಇದ್ದಾನೆ. ಇದು ನಾನೇ ಕಣ್ಣಾರೆ ಕಂಡದ್ದು. ಚಿಕ್ಕಮ್ಮನಿಗೂ ಕೊಡೆಯನ್ನು ಅಲುಗದಂತೆ ಹಿಡಿದುಕೊಳ್ಳುವ ಒಂದು ಸ್ಟ್ಯಾಂಡ್ ಮಾಡಿಸಬಹುದು, ದಪ್ಪ ಸೂಜಿ ತರಿಸಬಹುದು. ಆದರೆ ಅವಳು ಹೇಳಬೇಕು. ನೀವು ನಾಲ್ವರೂ ಸೇರಿ ಮುಚ್ಚಿಟ್ಟರೆ ಅವಳಿಗೆ ಸಹಾಯ ಮಾಡಲು ಬಂದವರಿಗೆ ಹೇಗೆ ಗೊತ್ತಾಗಬೇಕು?

ಅವಳ ಜೊತೆ ಮಾತಾಡು. ನಿಧಾನವಾಗಿ, ನೀನು ಮಾತಾಡುವ ಹಾಗಲ್ಲ.

ನಿನ್ನ
ಪುಟ್ಟಿ


ಮಾರ್ಚ್ 7

ಪುಟ್ಟಿ,

ಒಂದು ಮಾತು ಹೇಳು ಎಂದರೆ ನನಗೇ ಪಾಠ ಹೇಳಿ ಕಳಿಸಿದ್ದೀಯ. ತೊಂದರೆ ಕಾಣಬೇಕಂತೆ. ನಿನ್ನ ಚಿಕ್ಕಮ್ಮ ತೊಂದರೆಯೇನೆ? ನಿನ್ನನ್ನು ಹೆತ್ತದ್ದಷ್ಟೇ ನಾನು. ನಾನು ಕೆಲಸಕ್ಕೆ ಹೋದರೆ ಅವಳು, ಅವಳ ಸರದಿ ಬಂದರೆ ನಾನು, ಹಾಗೆ ಬೆಳೆದವಳು ನೀನು. ಅದರಲ್ಲೂ ಅವಳದೇ ಹೆಚ್ಚು.

ಡಾಕ್ಟರಿಗೆ ತೋರಿಸಿದ್ದೇವೆ. ಹೋಗುವ ಕಾಯಿಲೆಯಲ್ಲ ಎಂದರು. ಗುಳಿಗೆ ಕೊಟ್ಟಿದ್ದಾರೆ, ನುಂಗುತ್ತಾಳೆ.

ಮೇಜು ಹೋಯಿತು. ಮೊದಲು ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂರುತ್ತಿದ್ದೆವು, ಈಗ ನಾಲ್ವರೂ ಗೋಡೆಗೆ ಮುಖ ಮಾಡಿ ಸಾಲಾಗಿ ಕೂರುತ್ತೇವೆ. ಉದ್ದಕ್ಕ ತುದಿ ಹೊಲಿಯುತ್ತಾಳೆ, ಚಿಕ್ಕಮ್ಮ ಬಟ್ಟೆಯನ್ನು ಕಡ್ಡಿಯ ನಡುವಿಗೆ ದಾರದಿಂದ ಕಟ್ಟುತ್ತಾಳೆ, ರೇಡಿಯೋ ಪಟ್ಟಿ ಮತ್ತು ಗುಂಡಿ, ಕೊನೆಗೆ ನಾನು. ಚಿಕ್ಕಮ್ಮನ ಕೈಯಲ್ಲಿ ಕೊಡೆ ನಿಂತರೆ ಆಚೆಯವಳೂ ನಿಲ್ಲಬೇಕು, ಈಚೆಯವರೂ ನಿಲ್ಲಬೇಕು. ಆಗ ನಾವು ಯಾರೂ ಅವಳ ಕಡೆ ತಿರುಗಿ ನೋಡುವುದಿಲ್ಲ. ನಾವು ನೋಡದೆ ಇರುವುದು ಅವಳಿಗೆ ಕಾಣುತ್ತದೆ.

ಹಾಗಂತ ಕೈಕಟ್ಟಿ ಕೂತಿದ್ದೇವೆ ಎಂದುಕೊಳ್ಳಬೇಡ. ಟಿಕ್‌ಟಿಕ್ ವಾಚ್ ಹಿಡಿದು ಹತ್ತಿರ ಬಂದ ಕೂಡಲೇ ರೇಡಿಯೋ ಅವನ ಮದುವೆಯ ವಿಷಯ ತೆಗೆಯುತ್ತಾಳೆ. "ಹುಡುಗಿ ಸಿಕ್ಕಿದ್ಲಾ ಸಾರ್? ಉದ್ದ ಇರ್ಬೇಕಾ ಗಿಡ್ಡ ಇರ್ಬೇಕಾ? ನಮ್ಮ ಕಡೆ ಒಬ್ಳಿದ್ದಾಳೆ, ಅವಳಿಗೂ ಯಾವಾಗ್ಲೂ ಟೈಮ್ ನೋಡೋ ಚಾಳಿ." ಅವನ ಕಿವಿ ಕೆಂಪಗಾಗುತ್ತದೆ, ವಾಚ್ ಒತ್ತುವುದನ್ನೇ ಮರೆಯುತ್ತಾನೆ. ಅಷ್ಟರಲ್ಲಿ ಉದ್ದಕ್ಕ ಮಡಿಲಲ್ಲಿ ಬಚ್ಚಿಟ್ಟಿದ್ದ, ದಾರ ಕಟ್ಟಿಯೇ ಆಗಿರುವ ಒಂದು ಕೊಡೆಯನ್ನು ದಾಟಿಸುತ್ತಾಳೆ. ಮಧ್ಯಾಹ್ನ ಊಟವನ್ನು ಗಬಗಬ ನುಂಗಿ, ಚಿಕ್ಕಮ್ಮ ಕೈತೊಳೆದು ಬರುವುದರೊಳಗೆ ನಾಲ್ಕಾರು ಕೊಡೆಗಳಿಗೆ ದಾರ ಕಟ್ಟಿ ಕಾಲ ಕೆಳಗೆ ಇಟ್ಟುಕೊಳ್ಳುತ್ತೇವೆ. ಮೇಜಿನ ಮೇಲೆ ರಾಶಿ ಇರಕೂಡದು ತಾನೆ? ಇಲ್ಲ. ಕೆಳಗಿದೆ.

ಗೋಡೆಗೆ ಒಂದು ದೊಡ್ಡ ಹಲಗೆ ಬಂದಿದೆ. ಅದರಲ್ಲಿ ಮೂರು ಸಾಲು: ತೊಂದರೆ, ನಡೆಯುತ್ತಿದೆ, ಬಗೆಹರಿದದ್ದು. ಬೆಳಿಗ್ಗೆ ಎಲ್ಲರೂ ಅದರ ಮುಂದೆ ನಿಂತು ಏನಾದರೊಂದು ಹೇಳಬೇಕು. ಹೇಳಿದ್ದನ್ನು ಟಿಕ್‌ಟಿಕ್ ಚೀಟಿಯಲ್ಲಿ ಬರೆದು ಅಂಟಿಸುತ್ತಾನೆ. ರೇಡಿಯೋ ವಿಷಯವಂತೂ ಕೇಳುವುದೇ ಬೇಡ, ದಿನಕ್ಕೊಂದು ಹೇಳುತ್ತಾಳೆ. ಚಿಕ್ಕಮ್ಮ ಎಲ್ಲರ ಹಿಂದೆ, ಕೈಗಳನ್ನು ಶಾಲಿನೊಳಗೆ ಸೇರಿಸಿಕೊಂಡು ನಿಂತಿರುತ್ತಾಳೆ.

ಅವಳಿಗೆ ನೀನು ಒಂದಕ್ಷರ ಬರೆಯಕೂಡದು. ನನ್ನಾಣೆ.

ಅಮ್ಮ


ಮಾರ್ಚ್ 20

ಚಿಕ್ಕಮ್ಮ,

ಅಮ್ಮ ಆಣೆ ಹಾಕಿದ್ದಾಳೆ. ಆದರೂ ಬರೆಯುತ್ತಿದ್ದೇನೆ, ಅವಳ ಮೇಲೆ ಸಿಟ್ಟಾಗಬೇಡ. ನಿನ್ನ ಕೈ ವಿಷಯ ಅವಳೇ ಹೇಳಿದಳು. ಅವಳಿಗೆ ಬೇರೆ ಯಾರ ಮುಂದೆ ಹೇಳಿಕೊಳ್ಳಲು ಆಗುತ್ತದೆ?

ಅವರು ಮೂವರೂ ನಿನಗಾಗಿ ಏನೇನು ಮಾಡುತ್ತಿದ್ದಾರೆ ಎಂದು ಗೊತ್ತಾಯಿತು. ಓದಿ ನಗು ಬಂತು, ಆಮೇಲೆ ಹೆದರಿಕೆಯಾಯಿತು. ಇದು ಎಷ್ಟು ದಿನ ನಡೆದೀತು? ಒಂದಲ್ಲ ಒಂದು ದಿನ ಮೇಜಿನ ಕೆಳಗೆ ಯಾರಾದರೂ ಬಗ್ಗಿ ನೋಡುತ್ತಾರೆ. ಆಗ ಮೋಸ ಎನ್ನುತ್ತಾರೆ, ನಾಲ್ವರ ತಲೆಯ ಮೇಲೂ ಬರುತ್ತದೆ. ಈಗಲೇ, ನೀನಾಗಿಯೇ ಹೇಳಿದರೆ ಅದು ಮೋಸವಲ್ಲ, ಕಾಯಿಲೆ. ಕಾಯಿಲೆಗೆ ನಮ್ಮ ಪದ್ಧತಿಯಲ್ಲಿ ದಾರಿಯಿದೆ. ಇದನ್ನು ನಾನು ಬಾಯಿಮಾತಿಗೆ ಹೇಳುತ್ತಿಲ್ಲ, ದಿನಾ ಜನರ ಮುಂದೆ ನಿಂತು ಹೇಳುವ ಮಾತು ಇದೇ. ಯಾರನ್ನೂ ಕೆಲಸದಿಂದ ತೆಗೆಯುವುದಿಲ್ಲ.

ನಾನು ಟ್ರಂಕಿನ ಮೇಲೆ ಹತ್ತಿ ಪಾಠ ಒಪ್ಪಿಸುತ್ತಿದ್ದದ್ದು ನೆನಪಿದೆಯಾ? ನೀನು ಕೋಣೆಯ ಆ ತುದಿಯಲ್ಲಿ ಬೆನ್ನು ತಿರುಗಿಸಿ ನಿಂತು, "ಕೇಳಿಸ್ತಿಲ್ಲ" ಎನ್ನುತ್ತಿದ್ದೆ. ನಾನು ಅಳುತ್ತಿದ್ದೆ. "ಅಳು ಕೇಳಿಸ್ತಿದೆ, ಪಾಠ ಕೇಳಿಸ್ತಿಲ್ಲ. ಹಿಂದೆ ಕೂತೋರಿಗೆ ಕೇಳಿಸ್ಬೇಕು" ಎಂದು ನೀನು ಹೇಳುತ್ತಿದ್ದೆ. ಇವತ್ತು ನಾನು ತುಂಬಿದ ಕೋಣೆಯ ಮುಂದೆ ನಿಂತು ಮಾತಾಡುತ್ತೇನೆ ಎಂದರೆ ಅದು ನಿನ್ನ ಪುಣ್ಯ.

ಈಗ ನಿನ್ನ ಸರದಿ. ಹಲಗೆಯ ಮುಂದೆ ನಿಂತು ಜೋರಾಗಿ ಹೇಳಿಬಿಡು. ನನ್ನ ಮೇಲೆ ನಂಬಿಕೆಯಿಡು ಚಿಕ್ಕಮ್ಮ.

ನಿನ್ನ
ಪುಟ್ಟಿ


ಏಪ್ರಿಲ್ 4

ಕಂದ,

ಈ ಅಕ್ಷರ ನೋಡಿ ನಗಬೇಡ. ಕೋಳಿ ಕೆದರಿದ ಹಾಗಿದೆ. ಅಕ್ಕ ಅಂಗಡಿಗೆ ಹೋದಾಗ ಎರಡು ಸಾಲು, ಸ್ನಾನಕ್ಕೆ ಹೋದಾಗ ಎರಡು ಸಾಲು, ಹೀಗೆ ಬರೆಯುತ್ತಿದ್ದೇನೆ.

ನನಗೆ ಏನೂ ತಿಳಿಯದು ಎಂದು ಅವರು ಮೂವರೂ ಅಂದುಕೊಂಡಿದ್ದರು. ಕೈ ನಡುಗಿದರೆ ಕಣ್ಣೂ ಹೋಯಿತೇ? ಉದ್ದಕ್ಕನ ಮಡಿಲು ಮಧ್ಯಾಹ್ನವಾದ ಕೂಡಲೇ ಯಾಕೆ ದಪ್ಪಗಾಗುತ್ತದೆ ಎಂದು ತಿಳಿಯದಷ್ಟು ಪೆದ್ದಿಯೇ ನಾನು? ಅವರು ನನ್ನಿಂದಾಗಿ ನೆಟ್ಟಗೆ ಊಟ ಮಾಡುತ್ತಿರಲಿಲ್ಲ. ಕೈತೊಳೆಯುವ ಕಡೆ ನಾನು ಬೇಕೆಂದೇ ತಡ ಮಾಡುತ್ತಿದ್ದೆ. ಬೇಗ ಹೋದರೆ ಸಿಕ್ಕಿಬೀಳುತ್ತಾರಲ್ಲ, ಪಾಪ. ಅಲ್ಲಿ ನಲ್ಲಿಯ ಮುಂದೆ ನಿಂತು ಎಷ್ಟು ದಿನ ಅತ್ತಿದ್ದೇನೋ.

ನಿನ್ನ ಕಾಗದ ಬಂದ ಮೇಲೆ ಮನಸ್ಸು ಗಟ್ಟಿಯಾಯಿತು. ಸೋಮವಾರ ಬೆಳಿಗ್ಗೆ ಮುಂದೆ ಹೋಗಿ ನಿಂತೆ. "ನನ್ನ ಕೈ ನಡುಗುತ್ತೆ. ನನ್ನಿಂದ ಸಾಲು ನಿಲ್ತಿದೆ" ಎಂದೆ. ಗಂಟಲೇ ಏಳಲಿಲ್ಲ. ಹಿಂದಿನಿಂದ ಯಾರೋ "ಕೇಳಿಸ್ತಿಲ್ಲ" ಎಂದರು. ನೀನು ಟ್ರಂಕಿನ ಮೇಲೆ ನಿಂತಿದ್ದು ನೆನಪಾಗಿ ನಗು ಬಂತು ಕಣೇ. ಎರಡನೆಯ ಸಲ ಎಲ್ಲರಿಗೂ ಕೇಳುವಂತೆ ಹೇಳಿದೆ. ಶಾಲಿನಿಂದ ಕೈ ತೆಗೆದು ತೋರಿಸಿಯೂ ತೋರಿಸಿದೆ.

ಎಲ್ಲರೂ ಚಪ್ಪಾಳೆ ತಟ್ಟಿದರು. ಟಿಕ್‌ಟಿಕ್ ಸಾರ್ ಚೀಟಿ ಬರೆದು ಹಲಗೆಗೆ ಅಂಟಿಸಿದರು. ಮ್ಯಾನೇಜರು ಬಂದು, "ಧೈರ್ಯ ಅಂದ್ರೆ ಇದು. ಎಲ್ರೂ ಇವರನ್ನ ನೋಡಿ ಕಲೀಬೇಕು" ಎಂದರು. ಸ್ಟ್ಯಾಂಡ್ ಮಾಡಿಸುತ್ತಾರಂತೆ.

ಅಕ್ಕ ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಮನೆಗೆ ಬಂದು, "ಅವಳು ಬರೆದಿದ್ಲಾ?" ಎಂದಳು. ಕಾಗದ ಕೊಟ್ಟೆ. ಓದಿ, ಇದ್ದ ಹಾಗೇ ಮಡಚಿ ನನ್ನ ಕೈಗಿಟ್ಟಳು. ಸರಿಹೋಗುತ್ತಾಳೆ ಬಿಡು. ನನಗಂತೂ ಎದೆಯ ಮೇಲಿನ ಕಲ್ಲು ಇಳಿದ ಹಾಗಾಗಿದೆ. ನಿನ್ನನ್ನು ಸಾಕಿದ್ದು ಸಾರ್ಥಕವಾಯಿತು.

ಇಂತಿ
ನಿನ್ನ ಚಿಕ್ಕಮ್ಮ


ಮೇ 16

ಅಮ್ಮ,

ಇದು ನಾನು ಬರೆಯುತ್ತಿರುವ ಮೂರನೆಯ ಕಾಗದ. ಸಿಟ್ಟಿದ್ದರೆ ಬೈದು ಬರೆ, ಸುಮ್ಮನಿರಬೇಡ. ಫೋನ್ ಮಾಡಿದರೆ ಚಿಕ್ಕಮ್ಮ ಎತ್ತುತ್ತಾಳೆ. "ಎಲ್ಲ ಚೆನ್ನಾಗಿದೆ, ನೀನು ಊಟ ಸರಿಯಾಗಿ ಮಾಡು" ಎಂದು ಇಟ್ಟುಬಿಡುತ್ತಾಳೆ. ಹೋದ ವಾರ ನಡುಹಗಲಲ್ಲಿ ಮಾಡಿದೆ, ಆಗಲೂ ಅವಳೇ ಎತ್ತಿದಳು. ಕೆಲಸದ ಹೊತ್ತಿನಲ್ಲಿ ಮನೆಯಲ್ಲಿ ಯಾಕಿದ್ದೀಯ ಎಂದರೆ ರಜೆ ಎಂದಳು.

ಟಿಕ್‌ಟಿಕ್ ಇಲ್ಲಿ ಸಿಕ್ಕಿದ್ದ. ಅಲ್ಲಿಯ ಕೆಲಸ ಮುಗಿಯಿತು, ಬೇರೆ ಕಾರ್ಖಾನೆಗೆ ಹೋಗುತ್ತಿದ್ದೇನೆ ಎಂದ. ಸ್ಟ್ಯಾಂಡ್ ಬಂತಾ ಎಂದು ಕೇಳಿದೆ. ಬಂತು ಎಂದ. ಆಮೇಲೆ ಬಸ್ಸಿಗೆ ಹೊತ್ತಾಯಿತು ಎಂದು ಹೊರಟುಬಿಟ್ಟ.

ಏನಾಗಿದೆ ಅಮ್ಮ?

ಪುಟ್ಟಿ


ಜೂನ್ 1

ಪುಟ್ಟಿ,

ಎರಡು ಸಲ ಬರೆದು ಹರಿದುಹಾಕಿದೆ. ಆಗ ಸಿಟ್ಟಿತ್ತು. ಈಗ ಅದೂ ಇಲ್ಲ, ಆದ್ದರಿಂದ ಬರೆಯುತ್ತಿದ್ದೇನೆ.

ಸ್ಟ್ಯಾಂಡ್ ಬಂತು. ಸುಳ್ಳು ಯಾಕೆ ಹೇಳಲಿ, ಚೆನ್ನಾಗಿಯೇ ಇತ್ತು. ಕೊಡೆಯನ್ನು ಅಲುಗದಂತೆ ಹಿಡಿಯುತ್ತಿತ್ತು. ಆದರೆ ನಡುಗುವುದು ಕೊಡೆಯಲ್ಲವಲ್ಲ. ಮೊದಲಿಗಿಂತ ಸ್ವಲ್ಪ ಬೇಗ ಆಗತೊಡಗಿತು, ಸಾಲಿಗೆ ಬೇಕಾದಷ್ಟು ಬೇಗ ಆಗಲಿಲ್ಲ. ನಮಗೂ ಈಗ ಏನೂ ಮಾಡುವಂತಿರಲಿಲ್ಲ. ಅವಳು ಹೇಳಿದ ಮೇಲೆ ಎಲ್ಲರ ಕಣ್ಣೂ ನಮ್ಮ ಸಾಲಿನ ಮೇಲೆ. ಉದ್ದಕ್ಕ ಮಡಿಲಿಗೆ ಕೈಹಾಕಿದರೂ ನೋಡುತ್ತಿದ್ದರು. ಅಷ್ಟರಲ್ಲಿ ಟಿಕ್‌ಟಿಕ್‌ನ ಅವಧಿ ಮುಗಿಯಿತು. ಹೋಗುವ ದಿನ ಅವಳ ಎರಡೂ ಕೈ ಹಿಡಿದುಕೊಂಡು, "ಇನ್ನೊಂದಿಷ್ಟು ದಿನ ಇದ್ದಿದ್ರೆ ಬೇರೆ ಏನಾದ್ರೂ ಹುಡುಕ್ತಿದ್ದೆ ಅಮ್ಮಾ" ಎಂದ. ಕಣ್ಣಲ್ಲಿ ನೀರಿತ್ತು. ಅವನ ಕಣ್ಣೀರು ಕಟ್ಟಿಕೊಂಡು ನಾವೇನು ಮಾಡೋಣ.

ಅವನು ಹೋದ ಮೇಲೆ ಮ್ಯಾನೇಜರು ಅವಳನ್ನು ಸಾಲಿನಿಂದ ಎಬ್ಬಿಸಿ ಬಾಗಿಲ ಪಕ್ಕ ಒಂದು ಸ್ಟೂಲ್ ಹಾಕಿಸಿದ. ಹಗುರ ಕೆಲಸವಂತೆ, ಕೊಡೆಯ ಹಿಡಿಗೆ ಕಾರ್ಖಾನೆಯ ಹೆಸರಿನ ಚೀಟಿ ಅಂಟಿಸುವುದು. ಅದಕ್ಕೆ ಕೈ ನಡುಗಿದರೂ ನಡೆಯುತ್ತದೆ. ಸೊಟ್ಟಪಟ್ಟ ಅಂಟಿಸಿದರೂ ಯಾರೂ ಏನೂ ಅನ್ನುತ್ತಿರಲಿಲ್ಲ. ಖುಷಿಯಾಗಿಯೇ ಇದ್ದಳು. "ನೋಡಕ್ಕ, ಪುಟ್ಟಿ ಹೇಳಿದ ಹಾಗೇ ಆಯ್ತು" ಎಂದಳು. ನಾನೂ ಒಂದು ಗಳಿಗೆ ಹೌದೇನೋ ಎಂದುಕೊಂಡೆ. ನಿನಗೆ ಒಳ್ಳೆಯ ಕಾಗದ ಬರೆಯಬೇಕು ಎಂದೂ ಅಂದುಕೊಂಡಿದ್ದೆ.

ಆಮೇಲೆ ಒಂದು ಬೆಳಿಗ್ಗೆ ಹಲಗೆಯ ಮುಂದೆ ರೇಡಿಯೋ ಬಾಯಿ ತೆರೆದಳು. ದಿನಾ ಏನಾದರೂ ಹೇಳಲೇಬೇಕಲ್ಲ, ನಾಲಿಗೆಗೆ ಬಂದದ್ದು ಹೇಳಿದಳು. "ಸಾರ್, ಹಿಡಿ ಮಾಡಿ ಕಳಿಸೋರೇ ಅದರ ಮೇಲೆ ಹೆಸರು ಅಚ್ಚು ಹಾಕಿ ಕಳಿಸಿದ್ರೆ ಈ ಚೀಟಿ ಅಂಟ್ಸೋ ರಗಳೇನೇ ಇರಲ್ವಲ್ಲ?" ಹೇಳಿ ಮುಗಿಸಿದ ಮೇಲೆ ಬಾಗಿಲ ಕಡೆ ನೋಡಿದಳು. ನೋಡಿ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಅಷ್ಟರಲ್ಲಿ ಮ್ಯಾನೇಜರು ಚಪ್ಪಾಳೆ ಶುರುಮಾಡಿ ಆಗಿತ್ತು. ತಿಂಗಳ ಒಳ್ಳೆಯ ಸಲಹೆ ಎಂದು ಅವಳಿಗೆ ಹೂವಿನ ಚಿತ್ರದ ಒಂದು ಟೀ ಕಪ್ ಕೊಟ್ಟರು. ಅದು ಇನ್ನೂ ಪೊಟ್ಟಣದೊಳಗೇ ಇದೆ. ರೇಡಿಯೋ ಈಗ ಮಾತಾಡುವುದಿಲ್ಲ. ದಿನವಿಡೀ ನಾವು ಫ್ಯಾನಿನ ಸದ್ದು ಕೇಳಿಕೊಂಡು ಕೆಲಸ ಮಾಡುತ್ತೇವೆ.

ಅಚ್ಚು ಹಾಕಿದ ಹಿಡಿಗಳು ಬಂದ ದಿನ ಚಿಕ್ಕಮ್ಮನನ್ನು ಕರೆದರು. "ನಿಮ್ಮನ್ನ ನಾವು ತೆಗೀತಾ ಇಲ್ಲಮ್ಮ. ನಿಮಗೆ ಕೊಡೋಕೆ ಕೆಲಸಾನೇ ಉಳಿದಿಲ್ಲ" ಎಂದರು. ನಿನ್ನ ಮಾತು ಸುಳ್ಳಾಗಲಿಲ್ಲ ಪುಟ್ಟಿ.

ಅವಳ ಚೀಟಿ ಹಲಗೆಯ ಮೇಲೆ ಇನ್ನೂ ಇದೆ. 'ಬಗೆಹರಿದದ್ದು' ಎನ್ನುವ ಸಾಲಿಗೆ ಸರಿಸಿದ್ದಾರೆ. ದಿನಾ ಬೆಳಿಗ್ಗೆ ನಾನು ಅದರ ಮುಂದೆಯೇ ನಿಲ್ಲಬೇಕು.

ಅವಳು ಈಗಲೂ ನನ್ನ ಜೊತೆ ಹೊರಡುತ್ತಾಳೆ. ತಲೆ ಬಾಚಿಕೊಂಡು, ಶಾಲು ಹೊದ್ದುಕೊಂಡು ಗೇಟಿನವರೆಗೆ ಬರುತ್ತಾಳೆ. ಊಟದ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, "ಸರಿ ಅಕ್ಕ" ಎಂದು ವಾಪಸ್ಸು ಹೋಗುತ್ತಾಳೆ. ಬೇಡ ಎಂದರೆ ಕೇಳುವುದಿಲ್ಲ. ಗೇಟಿನ ಕಾವಲಿನವನು ಮೊದಮೊದಲು ಮಾತಾಡಿಸುತ್ತಿದ್ದ. ಈಗ ಅವನೂ ಬೇರೆ ಕಡೆ ನೋಡುತ್ತಾನೆ.

ಅಮ್ಮ


ಜೂನ್ 12

ಅಮ್ಮ,

ನಿಮ್ಮ ಮ್ಯಾನೇಜರಿಗೆ ಫೋನ್ ಮಾಡಿದೆ. ತುಂಬಾ ಮರ್ಯಾದೆಯಿಂದ ಮಾತಾಡಿದರು. ಚಿಕ್ಕಮ್ಮನಿಗೆ ಹೇಳಿದ್ದನ್ನೇ ನನಗೂ ಹೇಳಿದರು. ನಮ್ಮ ಮೇಲಿನವರ ಹತ್ತಿರ ಹೋಗಿ, ಮಾಲೀಕರು ಮಾತು ತಪ್ಪಿದ್ದಾರೆ ಎಂದೆ. ಅವರು ಕಡತ ತರಿಸಿ ನೋಡಿ, "ಎಲ್ಲಿ ತಪ್ಪಿದ್ದಾರೆ? ಯಾರನ್ನೂ ತೆಗೆದಿಲ್ಲವಲ್ಲ" ಎಂದರು. ಅಷ್ಟು ಹೊತ್ತಿಗೆ ನಾನು ಅಳುತ್ತಿದ್ದೆ. ನೀರು ತರಿಸಿಕೊಟ್ಟರು.

ನಾನು ಈ ಕೆಲಸ ಬಿಡುತ್ತೇನೆ. ಅಲ್ಲಿಗೇ ಬರುತ್ತೇನೆ. ಇಲ್ಲವಾದರೆ ಚಿಕ್ಕಮ್ಮನನ್ನು ಇಲ್ಲಿಗೆ ಕಳಿಸು. ನನ್ನದು ಒಂದೇ ಕೋಣೆ, ಆದರೆ ದೊಡ್ಡ ಕಿಟಕಿಯಿದೆ. ಅವಳಿಗೆ ಹಿಡಿಸುತ್ತದೆ. ಏನಾದರೂ ಮಾಡಲು ಬಿಡು ಅಮ್ಮ.

ಪುಟ್ಟಿ


ಜೂನ್ 23

ಪುಟ್ಟಿ,

ಬರಬೇಡ. ಕೆಲಸವನ್ನೂ ಬಿಡಬೇಡ. ಮೂವರಲ್ಲಿ ಇಬ್ಬರದಾದರೂ ಉಳಿಯಲಿ.

ಅವಳನ್ನು ಕೇಳಿದೆ. "ಅಲ್ಲಿ ಹೋಗಿ ಏನ್ ಮಾಡ್ಲಿ ಅಕ್ಕ? ಕಿಟಕಿ ಹತ್ರ ಕೂತು ಅವಳು ಬರೋದನ್ನ ಕಾಯ್ಲಾ? ಇಲ್ಲೂ ಅದನ್ನೇ ಮಾಡ್ತಿದ್ದೀನಲ್ಲ" ಎಂದಳು.

ಈ ತಿಂಗಳ ಮೊದಲ ಭಾನುವಾರ ಉದ್ದಕ್ಕ ಮತ್ತು ರೇಡಿಯೋ ಮನೆಗೆ ಬಂದಿದ್ದರು. ಉಗ್ರಾಣದ ಮೂಲೆಯಲ್ಲಿ ಬಿದ್ದಿದ್ದ ಹಳೆಯ ಕಡ್ಡಿಗಳನ್ನೂ ತುಂಡು ಬಟ್ಟೆಯನ್ನೂ ಕೇಳಿ ತಂದಿದ್ದರು. ನಾಲ್ವರೂ ಮಂಚದ ಸುತ್ತ ಕೂತೆವು. ರೇಡಿಯೋ ದಾರ ಪೋಣಿಸಿ ತಳ್ಳಿದಳು. ಹೊಲಿದದ್ದನ್ನು ಮಂಚದ ನಡುವೆ ಹಾಕಿದೆವು. ಸ್ವಲ್ಪ ಹೊತ್ತು ಎಲ್ಲವೂ ಮೊದಲಿನ ಹಾಗೇ ಇತ್ತು. ಸಂಜೆಯ ಹೊತ್ತಿಗೆ ಚಿಕ್ಕಮ್ಮ ಒಂದನ್ನು ಮುಗಿಸಿ, ಬಿಡಿಸಿ ನೋಡಿ, "ಇದು ಯಾರಿಗೆ?" ಎಂದು ಕೇಳಿದಳು. ಅವರಿಬ್ಬರೂ ಮತ್ತೆ ಬಂದಿಲ್ಲ.

ಅಮ್ಮ


ಜುಲೈ 30

ಅಮ್ಮ,

ಇದನ್ನು ಚಿಕ್ಕಮ್ಮನಿಗೆ ಓದಿ ಹೇಳಬೇಡ.

ನಮ್ಮ ಕಂಪನಿಯವರು ಕಾರ್ಖಾನೆಗಳಿಂದ ಒಳ್ಳೆಯ ಉದಾಹರಣೆಗಳನ್ನು ತರಿಸಿ ಹೊಸದಾಗಿ ಸೇರಿದವರಿಗೆ ಪಾಠ ಮಾಡುತ್ತಾರೆ. ಈ ಸಲ ಪಾಠ ಮಾಡಬೇಕಾದವಳು ನಾನು. ಬೆಳಿಗ್ಗೆ ಕಾಗದಗಳು ಕೈಗೆ ಬಂದವು. ಮೇಲೆಯೇ ನಿಮ್ಮ ಹಲಗೆಯ ಫೋಟೋ ಇತ್ತು. ಮೂಲೆಯಲ್ಲಿ ನಿನ್ನ ಭುಜ ಕಾಣುತ್ತದೆ, ಹಿಂದೆ ಬಾಗಿಲ ಪಕ್ಕದ ಸ್ಟೂಲ್ ಖಾಲಿ. ಹೆಸರು ಹಾಕಿರಲಿಲ್ಲ. ಒಬ್ಬ ಕೆಲಸಗಾರ್ತಿಯಿಂದ ಸಾಲು ನಿಲ್ಲುತ್ತಿತ್ತು, ಆಕೆಯೇ ಧೈರ್ಯವಾಗಿ ಮುಂದೆ ಬಂದು ಹೇಳಿದಳು, ಈಗ ಸಾಲು ನಿಲ್ಲುವುದಿಲ್ಲ. ಇಷ್ಟೇ ಪಾಠ. ಜನರು ತಾವಾಗಿಯೇ ಮಾತಾಡುವಂತೆ ನಂಬಿಕೆ ಹುಟ್ಟಿಸುವುದು ಹೇಗೆ ಎನ್ನುವುದಕ್ಕೆ ಉದಾಹರಣೆ.

ನನ್ನಿಂದ ಆಗುವುದಿಲ್ಲ ಎನ್ನಬಹುದಿತ್ತು. ಎನ್ನಲಿಲ್ಲ. ಕೆಲಸ ಬಿಡಬೇಡ ಎಂದು ನೀನು ಹೇಳಿದ್ದೆ ಎಂದು ನಿನ್ನ ಮೇಲೆ ಹಾಕಲಾರೆ. ಹೆದರಿದೆ, ಅಷ್ಟೇ. ಎದ್ದು ನಿಂತು ಮೊದಲಿನಿಂದ ಕೊನೆಯವರೆಗೆ ಪಾಠ ಮಾಡಿದೆ.

ಕೊನೆಗೆ ಒಬ್ಬಳು ಕೈಯೆತ್ತಿ, "ಆಮೇಲೆ ಆಕೆ ಏನಾದ್ರು ಮೇಡಂ?" ಎಂದು ಕೇಳಿದಳು. ಅದು ಈ ಪಾಠದಲ್ಲಿಲ್ಲ ಎಂದೆ. ಅವಳು ಅದನ್ನೂ ಬರೆದುಕೊಂಡಳು.

ಪುಟ್ಟಿ


ಆಗಸ್ಟ್ 11

ಪುಟ್ಟಿ,

ಓದಿ ಹೇಳಬೇಡ ಎಂದು ಬರೆದು ಕಾಗದವನ್ನು ಮನೆಗೇ ಹಾಕಿದ್ದೀಯ. ದಿನವಿಡೀ ಮನೆಯಲ್ಲಿರುವವಳು ಅವಳೇ ಅಲ್ಲವೇ? ನಾನು ಬರುವಾಗ ಅದನ್ನು ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದಳು. ಒಡೆಯಲು ನೋಡಿದಳಂತೆ, ಆಗಲಿಲ್ಲವಂತೆ. "ಬೇಗ ಓದಕ್ಕ, ಪುಟ್ಟಿದು" ಎಂದಳು.

ಮೊದಲ ಸಾಲು ಬಿಟ್ಟು ಓದತೊಡಗಿದೆ. ಮುಂದೆ ಏನಿದೆ ಎಂದು ನನಗೇನು ಗೊತ್ತು. ಗೊತ್ತಾಗುವಷ್ಟರಲ್ಲಿ ನಿಲ್ಲಿಸಲು ಆಗಲಿಲ್ಲ, ನಿಲ್ಲಿಸಿದರೆ ಅವಳು ಬಿಡುತ್ತಲೂ ಇರಲಿಲ್ಲ. ಎಲ್ಲವನ್ನೂ ಓದಿದೆ.

ಅಳುತ್ತಾಳೆ ಎಂದುಕೊಂಡೆ. ನಿನ್ನನ್ನು ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ನಾನೂ ಜೊತೆಗೆ ಬೈದು ಹಗುರಾಗುತ್ತಿದ್ದೆ. ಅವಳು ಒಂದೇ ಮಾತು ಕೇಳಿದಳು.

"ಜೋರಾಗಿ ಹೇಳಿದ್ಲಂತಾ ಅಕ್ಕ? ಹಿಂದೆ ಕೂತೋರಿಗೆ ಕೇಳಿಸ್ತಂತಾ?"

ಹೌದು, ಕೇಳಿಸಿತಂತೆ ಎಂದೆ.

ಸ್ವಲ್ಪ ದಿನ ಕಾಗದ ಹಾಕಬೇಡ.

ಅಮ್ಮ